ತಾಯಿಗೆ ತಿಳಿಯದ ಸೋಂಕು, ಮಗುವಿನ ಕಿವಿಗೆ ಕುತ್ತು

ಹುಟ್ಟುವಾಗ ಗುಂಡಗೆ ಆರೋಗ್ಯವಾಗಿದ್ದ ಮಗು ವರ್ಷ ಕಳೆದರೂ ಕರೆದರೆ ತಿರುಗಿ ನೋಡುವುದಿಲ್ಲ. 'ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು' ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಸುಂಕದಕಟ್ಟೆಯಂಥ ಬಡಾವಣೆಗಳಲ್ಲಿ ವೈದ್ಯರು ಆಗಾಗ ಕೇಳುವ ಮಾತಿದು. ಇಂಥ ಕೆಲವು ಮಕ್ಕಳ ಕಿವುಡಿಗೆ ಕಾರಣ ಗರ್ಭದಲ್ಲೇ ತಗುಲಿದ ಸೈಟೋಮೆಗಲೋ ವೈರಸ್, ಅಂದರೆ ಸಿ.ಎಂ.ವಿ.

ಸರ್ಪಸುತ್ತು ತರುವ ವೈರಸ್ಸಿನ ಬಳಗಕ್ಕೆ ಸೇರಿದ ಇದು ಹೆಚ್ಚಾಗಿ ಎಳೆಯ ಮಕ್ಕಳ ಜೊಲ್ಲು, ಮೂತ್ರಗಳಿಂದ ಹರಡುತ್ತದೆ. ದೊಡ್ಡವರಲ್ಲಿ ಸಣ್ಣ ಜ್ವರ, ಸುಸ್ತು ಬಿಟ್ಟರೆ ಏನೂ ಕಾಣದು. ಆದರೆ ಒಮ್ಮೆ ಮೈಹೊಕ್ಕರೆ ಜೀವಮಾನವಿಡೀ ಅಡಗಿ ಕೂರುತ್ತದೆ. ನಮ್ಮ ದೇಶದಲ್ಲಿ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಇದು ಮೊದಲೇ ತಗುಲಿರುತ್ತದೆ.

ಹಾಗಾದರೆ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಶಿಶುವನ್ನು ಕಾಪಾಡಬೇಕಲ್ಲವೇ? ಸ್ವಲ್ಪಮಟ್ಟಿಗೆ ಕಾಪಾಡುತ್ತವೆ, ಪೂರ್ತಿಯಾಗಿ ಅಲ್ಲ. ಅಡಗಿದ್ದ ವೈರಸ್ ಬಸುರಿನಲ್ಲಿ ಮತ್ತೆ ಎಚ್ಚರಗೊಳ್ಳಬಹುದು ಎಂಬುದು ಒಂದು ಕಾರಣ. ಎರಡನೆಯದು ಅದರ ತಳಿವೈವಿಧ್ಯ. ಕೊರೊನಾ ವೈರಸ್ಸಿನ ವಂಶವಾಹಿ ಬರಹದಲ್ಲಿ ಸುಮಾರು 30 ಸಾವಿರ ಅಕ್ಷರಗಳಿದ್ದರೆ ಇದರಲ್ಲಿ ಸುಮಾರು 2 ಲಕ್ಷ 35 ಸಾವಿರ. ಬಹುಭಾಗ ಎಲ್ಲ ತಳಿಗಳಲ್ಲೂ ಒಂದೇ ತೆರನಾಗಿದ್ದರೂ, ಹೊರಕವಚದ ಪ್ರೋಟೀನುಗಳನ್ನು ರೂಪಿಸುವ ಕೆಲವು ಭಾಗಗಳು ತಳಿಯಿಂದ ತಳಿಗೆ ಬೇರೆಯಾಗಿವೆ. ಜೀವಕೋಶದೊಳಕ್ಕೆ ನುಗ್ಗಲು ಬೇಕಾದ 'ಜಿಬಿ' ಎಂಬ ಪ್ರೋಟೀನಿನಲ್ಲೇ ನಾಲ್ಕು ಮುಖ್ಯ ಬಗೆಗಳುಂಟು. ಒಂದು ತಳಿಯ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನು ಪೂರ್ತಿ ತಡೆಯಲಾರದು.

ಮೊದಲೇ ಪ್ರತಿಕಾಯವಿದ್ದ ತಾಯಂದಿರಿಗೂ ಬೇರೊಂದು ತಳಿ ತಗುಲಿ, ಶಿಶುವಿಗೆ ದಾಟಬಲ್ಲದೆಂದು ಅಮೆರಿಕದ ಅಲಬಾಮಾದ ವೈದ್ಯರು 2001ರಲ್ಲಿ ತೋರಿಸಿದರು. ದೆಹಲಿಯ ಏಮ್ಸ್ ತಜ್ಞರು ಪಾಲ್ಗೊಂಡು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಎಲ್ಲ ತಾಯಂದಿರಲ್ಲೂ ಪ್ರತಿಕಾಯವಿತ್ತು. ಆದರೂ ನೂರು ನವಜಾತ ಶಿಶುಗಳಲ್ಲಿ ಸುಮಾರು ಎರಡಕ್ಕೆ ಸೋಂಕು ತಗುಲಿತ್ತು. ಇದಕ್ಕೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ.

ಹಾಗೆಂದು ಗಾಬರಿ ಬೇಡ. ಸೋಂಕಿನೊಡನೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಹುಟ್ಟುವಾಗ ಯಾವ ಲಕ್ಷಣವೂ ಇರದು. ಇವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ನೂರಕ್ಕೆ 10-15 ಮಕ್ಕಳ ಕಿವಿ ಮಾತ್ರ ಆಗಲೋ, ಕ್ರಮೇಣವೋ ಮಂದವಾಗಬಹುದು.

ಗರ್ಭಿಣಿಯರು ಮೊದಲ ಮಗುವಿನ ಜೊಲ್ಲು, ಸಿಂಬಳ ಒರೆಸಿದ ಮೇಲೆ, ಒದ್ದೆಬಟ್ಟೆ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಮಗು ತಿಂದು ಬಿಟ್ಟ ಎಂಜಲನ್ನು ತಿನ್ನಬಾರದು. ಮುದ್ದು ಬಂದರೆ ತುಟಿಗೆ ಬದಲು ನೆತ್ತಿಗೆ ಮುತ್ತಿಡಿ. ಬಸುರಿಯಾಗಿರುವ ಅಂಗನವಾಡಿ ಕಾರ್ಯಕರ್ತೆಯರಿಗೂ ಇದೇ ಮಾತು.

ಹೆರಿಗೆಯಾದ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ. ಸಂಶಯವಿದ್ದರೆ ಮೂರು ವಾರದೊಳಗೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ ಆಗಬೇಕು. ತಡವಾದರೆ ಸೋಂಕು ಗರ್ಭದಲ್ಲಿ ಬಂದದ್ದೋ, ಆಮೇಲೆ ಬಂದದ್ದೋ ಹೇಳಲು ಕಷ್ಟ. ರೋಗಲಕ್ಷಣವಿರುವ ಶಿಶುಗಳಿಗೆ ತಜ್ಞರು ಮೊದಲ ತಿಂಗಳಲ್ಲೇ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಔಷಧ ಆರಂಭಿಸುತ್ತಾರೆ. ಸೋಂಕು ಖಚಿತವಾದ ಮಗುವಿನ ಕಿವಿ ಈಗ ಸರಿಯಿದ್ದರೂ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಯೂ, ಮಾತಿನ ತರಬೇತಿಯೂ ಲಭ್ಯ. ಮಾತು ತಾನಾಗಿ ಬರಲೆಂದು ಕಾಯುತ್ತಾ ಕೂರಬೇಡಿ.