ಹಾರಂಗಿಯ ಮಳೆ, ಬೆಂಗಳೂರಿನ ರಾಜಕಾಲುವೆ

ಪುಷ್ಪಗಿರಿ ಸಾಲಿನ ಬೆಟ್ಟಗಳಿಂದ ಇಳಿಯುವ ಹಾರಂಗಿ ಹೊಳೆ ಕುಶಾಲನಗರದ ಬಳಿಯ ಹುದುಗೂರಿನಲ್ಲಿ ಅಣೆಕಟ್ಟೆಗೆ ತುಂಬಿಕೊಂಡು, ಅಲ್ಲಿಂದ ಕೆಳಗೆ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಊರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೀಗೆ ಕೂಡಿದ ನೀರಿನ ಒಂದು ಪಾಲು ಕೃಷ್ಣರಾಜಸಾಗರ ದಾಟಿ, ಶಿವ ಅಣೆಕಟ್ಟೆಯಲ್ಲಿ ತಿರುಗಿಕೊಂಡು, ತೊರೆಕಾಡನಹಳ್ಳಿಯ ಪಂಪುಗಳಿಂದ ಮೇಲೇರಿ, ಸುಮಾರು 100 ಕಿ.ಮೀ. ಆಚೆ ಬೆಂಗಳೂರಿನ ನಲ್ಲಿಗಳಲ್ಲಿ ಬೀಳುತ್ತದೆ. ಮಳೆನೀರು, ನೆರೆ, ಕೊಳಚೆ ಇವುಗಳ ಬಗ್ಗೆ ಈ ದಾರಿಯ ಎರಡು ತುದಿಗಳಲ್ಲೂ ಒಂದೇ ಬಗೆಯ ನಂಬಿಕೆಗಳಿವೆ. ಅವುಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸತ್ಯ.

ನಂಬಿಕೆ: ಮೇಲೆ ಅಣೆಕಟ್ಟೆ ಇದ್ದರೆ ಕೆಳಗಿನ ಊರಿಗೆ ನೆರೆ ಬಾರದು

ಹಾರಂಗಿ ಜಲಾಶಯದ ಪೂರ್ಣ ಮಟ್ಟ 2,859 ಅಡಿ, ಸಂಗ್ರಹ ಸಾಮರ್ಥ್ಯ 8.5 ಟಿಎಂಸಿ. ಅದಕ್ಕೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 420 ಚದರ ಕಿ.ಮೀ. ಅಷ್ಟೂ ಪ್ರದೇಶದಲ್ಲಿ ಒಂದು ದಿನಕ್ಕೆ 200 ಮಿ.ಮೀ. ಮಳೆ ಬಿದ್ದರೆ ಸುಮಾರು 3 ಟಿಎಂಸಿ ನೀರಾಗುತ್ತದೆ. ಮುಂಗಾರಿನ ನಡುವೆ ನೆಲ ನೆನೆದು ತುಂಬಿರುವಾಗ ಅದರಲ್ಲಿ ಹೆಚ್ಚಿನ ಪಾಲು ಹಿಂಗದೆ ಹರಿದೇ ಬರುತ್ತದೆ. ಅಂಥ ಮಳೆ ನಾಲ್ಕು ದಿನ ಬಿಡದೆ ಹಿಡಿದರೆ ಬರಿದಾದ ಜಲಾಶಯವೂ ತುಂಬಿಬಿಡಬಹುದು. ಆಗಸ್ಟ್ ಹೊತ್ತಿಗೆ ಅದು ಬರಿದಾಗಿರುವುದು ಅಪರೂಪ. ತೊಡಕು ಇರುವುದೇ ಇಲ್ಲಿ. ನೀರಾವರಿಗಾಗಿ ಕಟ್ಟಿದ ಅಣೆಕಟ್ಟೆಯನ್ನು ಮಳೆಗಾಲ ಮುಗಿಯುವುದರೊಳಗೆ ತುಂಬಿಸಬೇಕು, ನೆರೆ ತಡೆಯಬೇಕಾದರೆ ಅದೇ ಅಣೆಕಟ್ಟೆಯಲ್ಲಿ ಜಾಗ ಖಾಲಿ ಬಿಡಬೇಕು.

ಕುಶಾಲನಗರದ ಮಟ್ಟಿಗೆ ಇನ್ನೊಂದು ಗೊಂದಲವೂ ಇದೆ. ಪಟ್ಟಣ ಇರುವುದು ಕಾವೇರಿಯ ದಡದಲ್ಲಿ, ಕೂಡಿಗೆಗಿಂತ ಮೇಲೆ. ಭಾಗಮಂಡಲ, ನಾಪೋಕ್ಲು, ಸಿದ್ದಾಪುರದ ಕಡೆಯಿಂದ ಬರುವ ಕಾವೇರಿಯ ಮೇಲೆ ಹಾರಂಗಿಯ ಗೇಟುಗಳಿಗೆ ಯಾವ ಹಿಡಿತವೂ ಇಲ್ಲ. ಕೂಡಿಗೆಯಲ್ಲಿ ಹಾರಂಗಿ ಉಕ್ಕಿ ಬಂದಾಗ ಕಾವೇರಿ ಮುಂದಕ್ಕೆ ಸಾಗಲಾರದೆ ಹಿಂದಕ್ಕೆ ಒತ್ತುವುದು ನಿಜ, ಆದರೆ ಅದು ನೆರೆಯ ಒಂದು ಭಾಗ ಮಾತ್ರ. 2018 ಮತ್ತು 2019ರಲ್ಲಿ ನೀರು ನುಗ್ಗಿದ್ದು ನದಿಯ ಅಂಚಿನ ತಗ್ಗು ಬಡಾವಣೆಗಳಿಗೆ. ಹೊಳೆಬದಿಯ ಗದ್ದೆ ಸೈಟಾದರೂ ಹೊಳೆಗೆ ಅದು ಗದ್ದೆಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಬರೆ ಕುಸಿದಾಗ ಮಣ್ಣು, ಮರ, ಬಂಡೆಗಳು ಹಾರಂಗಿಯ ಪಾತ್ರಕ್ಕೂ ಬಂದವು. ಹೂಳು ತುಂಬಿದಷ್ಟೂ ನೀರಿಗೆ ಜಾಗ ಕಡಿಮೆ.

ನಂಬಿಕೆ: ಬೆಂಗಳೂರು ಎತ್ತರದಲ್ಲಿದೆ, ನದಿಯೂ ಇಲ್ಲ; ಅಲ್ಲಿ ನೀರು ನಿಲ್ಲುವುದು ಬರೀ ಆಡಳಿತದ ತಪ್ಪು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದು ನಿಜ. ಆದರೆ ಆ ಎತ್ತರ ಚಪ್ಪಟೆಯಾಗಿಲ್ಲ. ನಗರದ ನಡುವಿನ ದಿಣ್ಣೆಯಿಂದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ನೆರೆ ಬರುವುದು ಕಣಿವೆಯ ತಳದಲ್ಲಿ, ಅದಕ್ಕೂ ಸಮುದ್ರಮಟ್ಟಕ್ಕೂ ಸಂಬಂಧವಿಲ್ಲ. ಕೆರೆ ಕಟ್ಟಿದ ಹಿಂದಿನವರಿಗೆ ಇದು ಗೊತ್ತಿತ್ತು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ ಹೋಗುವಂತೆ ಸರಪಳಿ ಮಾಡಿದ್ದರು, ಆ ಸರಪಳಿಯ ಕೊಂಡಿಗಳೇ ರಾಜಕಾಲುವೆಗಳು. ಧರ್ಮಾಂಬುಧಿ ಕೆರೆಯಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಂಗಳ ಕಂಠೀರವ ಕ್ರೀಡಾಂಗಣವಾಯಿತು. ಕೊಂಡಿ ಕಳಚಿದಲ್ಲಿ ನೀರು ತನ್ನ ಹಳೆಯ ಜಾಗವನ್ನೇ ಹುಡುಕುತ್ತದೆ. ಆಡಳಿತದ ತಪ್ಪಿಲ್ಲವೆಂದಲ್ಲ, ಆದರೆ ನೆಲದ ಇಳಿಜಾರು ಅದಕ್ಕಿಂತ ಹಳೆಯದು.

ಅಳತೆಗೆ ಹಾರಂಗಿಯನ್ನೇ ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಸುಮಾರು 740 ಚದರ ಕಿ.ಮೀ.ಗಳ ನಗರದ ಮೇಲೆ 100 ಮಿ.ಮೀ. ಮಳೆ ಸುರಿದರೆ ಅದು 2.6 ಟಿಎಂಸಿ, ಅಂದರೆ ಹಾರಂಗಿ ಜಲಾಶಯದ ಮೂರನೇ ಒಂದು ಪಾಲಿಗೆ ಹತ್ತಿರ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಅದೇ ದಿನಗಳಲ್ಲಿ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ ಯಂತ್ರಗಳು ಮುಳುಗಿದ್ದರಿಂದ, ಬೀದಿಯಲ್ಲಿ ಮೊಣಕಾಲುದ್ದ ನೀರಿದ್ದ ನಗರದ ನಲ್ಲಿಗಳಲ್ಲಿ ನೀರಿಲ್ಲದಾಯಿತು.

ನಂಬಿಕೆ: ಮೋರಿಗೆ ಬಿದ್ದ ನೀರೆಲ್ಲ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ

ಇಡೀ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ನಂಬಿಕೆ ಬಹುಶಃ ಇದೇ. ಬೆಂಗಳೂರಿನಲ್ಲಿ, ಒಳಚರಂಡಿ ಇರುವ ನಮ್ಮ ಬಹುತೇಕ ಊರುಗಳಲ್ಲಿ, ನೀರಿನ ದಾರಿಗಳು ಎರಡು. ಮನೆಯ ಬಚ್ಚಲು, ಕಕ್ಕಸು, ಅಡುಗೆಮನೆಯ ನೀರು ಒಳಚರಂಡಿ ಕೊಳವೆಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ ಅದರ ಹೊಣೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ರಸ್ತೆಬದಿಯ ಚರಂಡಿ ಮತ್ತು ರಾಜಕಾಲುವೆ ಮಳೆನೀರಿಗೆ ಮಾತ್ರ ಮೀಸಲು, ಅವುಗಳನ್ನು ನೋಡಿಕೊಳ್ಳಬೇಕಾದದ್ದು ಪಾಲಿಕೆ. ಮಳೆನೀರಿನ ಕಾಲುವೆಯ ಕೊನೆಯಲ್ಲಿ ಯಾವ ಯಂತ್ರವೂ ಇಲ್ಲ, ಕೆರೆ ಅಥವಾ ಹೊಳೆ ಇದೆ, ಅಷ್ಟೆ. ಅಂಗಡಿಯವರು ಚರಂಡಿಗೆ ಎಸೆದ ಪ್ಲಾಸ್ಟಿಕ್ಕು, ಗ್ಯಾರೇಜಿನ ಹಳೆ ಆಯಿಲ್ಲು, ಹೋಟೆಲಿನ ಎಣ್ಣೆ ಜಿಡ್ಡು ಎಲ್ಲ ಹಾಗೆಯೇ ಕೆರೆ ಸೇರುತ್ತವೆ. ಮಳೆಯೇ ಇಲ್ಲದ ಫೆಬ್ರವರಿಯಲ್ಲಿ ರಾಜಕಾಲುವೆ ಕಪ್ಪಗೆ ಹರಿಯುತ್ತಿದ್ದರೆ ಅದು ದಾರಿ ತಪ್ಪಿ ಬಂದ ಕೊಳಚೆಯೆಂದು ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ.

ದಾರಿ ತಪ್ಪುವುದು ಎರಡೂ ಕಡೆಯಿಂದ. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಸೇರಿಸುವುದು ಮನೆ ಕಟ್ಟುವವರಲ್ಲಿ ಸಾಮಾನ್ಯ ರೂಢಿ, ‘ನೀರು ಹೋದರಾಯಿತು’ ಎಂಬ ಭಾವನೆ. ಲೆಕ್ಕ ಬೇರೆಯೇ ಹೇಳುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್. ಐದು ಜನರ ಮನೆಯಿಂದ ದಿನಕ್ಕೆ ಹೊರಬೀಳುವ ಕೊಳಚೆ, ತಲೆಗೆ 135 ಲೀಟರ್ ಬಳಕೆ, ಅದರಲ್ಲಿ ಶೇ. 80 ಎಂಬ ಎಂಜಿನಿಯರುಗಳ ಅಂದಾಜಿನಂತೆ, 540 ಲೀಟರ್. ಅಂದರೆ ಎಂಟು ದಿನಗಳ ಕೊಳಚೆಗಿಂತ ಹೆಚ್ಚು ನೀರು ಒಂದೇ ಗಂಟೆಯಲ್ಲಿ ಆ ಕೊಳವೆಗೆ ಬೀಳುತ್ತದೆ. ಮಳೆ ಬಂದಾಗ ಮ್ಯಾನ್‌ಹೋಲಿನ ಮುಚ್ಚಳ ಹಾರಿ ಕೊಳಚೆ ಬೀದಿಗೆ ಚಿಮ್ಮುವುದಕ್ಕೆ, ತಗ್ಗಿನ ಮನೆಗಳ ಕಕ್ಕಸಿನಿಂದ ನೀರು ಮೇಲೆ ಉಕ್ಕುವುದಕ್ಕೆ ಇದು ದೊಡ್ಡ ಕಾರಣ.

ಎರಡನ್ನೂ ಒಂದೇ ಕೊಳವೆಯಲ್ಲಿ ಒಯ್ಯುವ ನಗರಗಳೂ ಇವೆ. ಲಂಡನ್ನಿನ ಹಳೆಯ ಭಾಗ ಅಂಥದ್ದು. ಮಳೆ ಜೋರಾದರೆ ಕೊಳಚೆ ಉಕ್ಕಿ ಥೇಮ್ಸ್ ನದಿಗೆ ಹೋಗುತ್ತಿತ್ತು. ಅದನ್ನು ಹಿಡಿದಿಡಲು ನದಿಯ ಪಾತ್ರದಡಿ 25 ಕಿ.ಮೀ. ಉದ್ದದ ಸುರಂಗವನ್ನೇ ಕೊರೆಯಬೇಕಾಯಿತು.

ನಂಬಿಕೆ: ಮಳೆನೀರು ಶುದ್ಧ, ಕೊಳಕು ಮಾಡುವುದು ಕಾರ್ಖಾನೆಗಳು

ಮೋಡದಿಂದ ಬೀಳುವಾಗ ನೀರು ಬಹುಮಟ್ಟಿಗೆ ಶುದ್ಧವೇ. ರಸ್ತೆ ಮುಟ್ಟಿದ ಮೇಲೆ ಟೈರು ಸವೆದ ಪುಡಿ, ಬ್ರೇಕಿನ ಲೋಹದ ಧೂಳು, ಎಣ್ಣೆ, ದನ–ನಾಯಿಗಳ ಮಲ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ತಿಂಗಳುಗಟ್ಟಲೆ ಒಣಗಿದ ಊರಿನ ಮೇಲೆ ಬೀಳುವ ಮೊದಲ ಮಳೆಯ ಮೊದಲ ಅರ್ಧ ಗಂಟೆಯ ನೀರು ಎಲ್ಲಕ್ಕಿಂತ ಕೆಟ್ಟದ್ದು. ಮಳೆಕೊಯ್ಲು ಮಾಡುವ ಮನೆಗಳಲ್ಲಿ ಮೊದಲ ಮಳೆಯನ್ನು ತೊಟ್ಟಿಗೆ ಬಿಡದೆ ಹೊರಗೆ ಹಾಯಿಸುವುದು ಅದಕ್ಕೇ. ಇಂಗುಬಾವಿಗೆ ತಾರಸಿಯ ನೀರನ್ನು ಬಿಡಬಹುದು, ರಸ್ತೆಯ ನೀರನ್ನು ಸೋಸದೆ ಬಿಟ್ಟರೆ ಅಂತರ್ಜಲವೇ ಕೆಡುತ್ತದೆ.

ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದಾಗ, 2015ರಲ್ಲಿ ನೊರೆಗೂ 2017ರಲ್ಲಿ ಕೆರೆಯಂಗಳಕ್ಕೂ ಬೆಂಕಿ ಹತ್ತಿದಾಗ, ದೂರು ಮೊದಲು ಹೋದದ್ದು ಕಾರ್ಖಾನೆಗಳ ಮೇಲೆ. ಅವುಗಳ ಪಾಲು ಇಲ್ಲವೆನ್ನಲಾಗದು. ಆದರೆ ನೊರೆಯ ಮುಖ್ಯ ಮೂಲ ಮನೆಮನೆಯ ಬಟ್ಟೆ ಸೋಪಿನ ಪುಡಿ. ಸಂಸ್ಕರಣೆಯಾಗದ ಕೊಳಚೆಯೊಂದಿಗೆ ಬಂದ ಮಾರ್ಜಕ ತಳದ ಕೆಸರಿನಲ್ಲಿ ಕೂಡಿಕೊಂಡಿರುತ್ತದೆ. ಜೋರು ಮಳೆ ಆ ಕೆಸರನ್ನು ಕಲಕುತ್ತದೆ, ಕೋಡಿಯಿಂದ ಧುಮುಕುವ ನೀರು ಮಜ್ಜಿಗೆ ಕಡೆದ ಹಾಗೆ ಅದನ್ನು ಕಡೆಯುತ್ತದೆ.

ಹಸಿರಿನ ಕೊಡಗು ಇದಕ್ಕೆ ಹೊರತಲ್ಲ. ಕಾಫಿ ಹಣ್ಣನ್ನು ಪಲ್ಪರ್‌ಗೆ ಹಾಕಿ ತೊಳೆದ ನೀರಿನಲ್ಲಿ ವಿಷವೇನೂ ಇರುವುದಿಲ್ಲ, ಸಿಹಿಯಾದ ಲೋಳೆ ಇರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನು ಉಸಿರುಗಟ್ಟುತ್ತದೆ. ಕಾಫಿ ಕೊಯ್ಲು ಬರುವುದು ಮಳೆ ನಿಂತು ತೋಡುಗಳು ಬಡವಾಗುವ ಹೊತ್ತಿಗೆ. ‘ಹರಿಯುವ ಹೊಳೆಗೆ ಮೈಲಿಗೆಯಿಲ್ಲ’ ಎನ್ನುವವರು ನೆನಪಿಡಬೇಕಾದದ್ದು ಈ ಕಾಲವನ್ನು. ನದಿ ತನ್ನನ್ನು ತಾನು ತೊಳೆದುಕೊಳ್ಳುವುದು ನಿಜ, ಅದಕ್ಕೆ ಹರಿವೂ ಗಾಳಿಯೂ ದೂರವೂ ಬೇಕು. ಏಪ್ರಿಲ್‌ನ ಕಾವೇರಿಯಲ್ಲಿ ಮೊದಲನೆಯದೇ ಕಡಿಮೆ.

ನಂಬಿಕೆ: ಕಾಲುವೆಯನ್ನು ಅಗಲಿಸಿ ಕಾಂಕ್ರೀಟ್ ಹಾಕಿದರೆ ಮುಗಿಯಿತು

ನುಣುಪಾದ ಕಾಲುವೆಯಲ್ಲಿ ನೀರು ಬೇಗ ಓಡುತ್ತದೆ. ಮೇಲಿನ ಬಡಾವಣೆ ಬಚಾವಾಗುತ್ತದೆ, ಕೆಳಗಿನದಕ್ಕೆ ಅದೇ ನೀರು ಒಟ್ಟಿಗೆ ಬಂದು ಬೀಳುತ್ತದೆ. ನೀರನ್ನು ದಾರಿಯಲ್ಲಿ ತಡೆದು ನಿಧಾನವಾಗಿ ಬಿಡುವ ಕೆಲಸ ಕೆರೆಗಳದಾಗಿತ್ತು. ಹೂಳು ತೆಗೆದ ಕೆರೆ, ಮಣ್ಣು ಕಾಣುವ ಅಂಗಳ, ಇಂಗುಗುಂಡಿ ಇವು ಮಾಡುವುದೂ ಅದನ್ನೇ. ಅದೇ ಸಾಲಿಗೆ ಸೇರುವ ಮಳೆಕೊಯ್ಲು ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ 2009ರಿಂದ ಕಡ್ಡಾಯ.

ನಂಬಿಕೆ: ಬೆಂಗಳೂರಿನ ಮಳೆಯನ್ನೆಲ್ಲ ಹಿಡಿದರೆ ಕಾವೇರಿಯೇ ಬೇಡ

ನಗರದ ಮೇಲೆ ವರ್ಷಕ್ಕೆ ಸರಾಸರಿ 970 ಮಿ.ಮೀ.ನಷ್ಟು ಮಳೆ ಬೀಳುತ್ತದೆ, ಒಟ್ಟು ಸುಮಾರು 25 ಟಿಎಂಸಿ. 2024ರ ಅಕ್ಟೋಬರ್‌ನಲ್ಲಿ ನಗರದ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದ ಮೇಲೆ ಕಾವೇರಿಯಿಂದ ತರಬಹುದಾದದ್ದು ದಿನಕ್ಕೆ 222 ಕೋಟಿ ಲೀಟರಿಗಿಂತ ಹೆಚ್ಚು, ವರ್ಷಕ್ಕೆ 28 ಟಿಎಂಸಿ ದಾಟುತ್ತದೆ. ಎರಡೂ ಅಂಕಿಗಳು ಅಷ್ಟು ಹತ್ತಿರ ಇರುವುದೇ ಈ ನಂಬಿಕೆಗೆ ಮೂಲ. ಆದರೆ ಬಿದ್ದ ಮಳೆಯಲ್ಲಿ ಒಂದು ಪಾಲು ಆವಿಯಾಗುತ್ತದೆ, ಒಂದು ಪಾಲು ನೆಲಕ್ಕೆ ಇಳಿಯಬೇಕು. ಉಳಿದದ್ದು ಕೆಲವೇ ತಿಂಗಳಲ್ಲಿ ಬಿದ್ದು ವರ್ಷವಿಡೀ ಬೇಕಾಗುವಂಥದ್ದು, ಅಷ್ಟನ್ನು ಇಟ್ಟುಕೊಳ್ಳುವಷ್ಟು ಜಾಗ ನಗರದಲ್ಲಿಲ್ಲ. ಮಳೆಕೊಯ್ಲು ಕಾವೇರಿಯ ಭಾರವನ್ನು ಇಳಿಸಬಲ್ಲದು, ಕಾವೇರಿಯ ಬದಲಾಗಿ ನಿಲ್ಲಲಾರದು.

ಹೀಗೆ ಕೊಡಗಿನಿಂದ ಬಂದ ನೀರು ಬಳಕೆಯಾದ ಮೇಲೆ ಹೋಗುವ ದಾರಿಗಳು ಹಲವು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಬೆಳ್ಳಂದೂರು, ವರ್ತೂರು ದಾಟಿದ್ದು ದಕ್ಷಿಣ ಪಿನಾಕಿನಿಗೆ ಸೇರಿ, ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಆಗಾಗ ನೊರೆಯಾಗಿ ಕಾಣಿಸಿಕೊಳ್ಳುತ್ತದೆ. ವೃಷಭಾವತಿ ಹಿಡಿದು ಹೋದದ್ದು ಬೈರಮಂಗಲ ಕೆರೆ ದಾಟಿ, ಅರ್ಕಾವತಿಯನ್ನು ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಆ ಸಂಗಮ ಬೆಂಗಳೂರು ನೀರೆತ್ತುವ ಜಾಗಕ್ಕಿಂತ ಕೆಳಗಿದೆ.