ವಿದೇಶಯಾತ್ರೆಗೆ ಮುನ್ನ: ವೀಸಾ ಅರ್ಜಿಯ ಅಂತರಂಗ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ನುಡಿ. ಆದರೆ ಪರದೇಶವನ್ನು ಸುತ್ತಬಯಸುವವನು ಅದಕ್ಕೂ ಮೊದಲು ತನ್ನದೇ ಆದ ಒಂದು ಚಿಕ್ಕ ಕೋಶವನ್ನು ರಚಿಸಿ, ಆ ದೇಶದ ಅಧಿಕಾರಿಯ ಓದಿಗೆ ಒಪ್ಪಿಸಬೇಕಾಗುತ್ತದೆ. ಆ ಕೋಶವೇ ವೀಸಾ ಅರ್ಜಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಿಂದ ವಿದ್ಯೆಗಾಗಿ, ಉದ್ಯೋಗಕ್ಕಾಗಿ ಹೊರಟು ಯುರೋಪಿನಲ್ಲಿ ನೆಲೆಸಿದ ಮಕ್ಕಳು ಇಂದು ವಿರಳರಲ್ಲ. ‘ಈ ಸಲ ಡಿಸೆಂಬರಿನಲ್ಲಿ ಬನ್ನಿ, ಹಿಮ ಬೀಳುವುದನ್ನು ನೋಡಬಹುದು’ ಎಂದು ಅವರು ತಂದೆತಾಯಿಯರನ್ನು ಕರೆಯುತ್ತಾರೆ. ಮಳೆಯನ್ನೇ ಕಂಡು ಬೆಳೆದ ಈ ಹಿರಿಯರಿಗೆ ಹಿಮದ ಚಳಿಗಿಂತ ಮೊದಲು ಎದುರಾಗುವುದು ಆ ಅರ್ಜಿಯ ಅಳುಕು. ಅದು ಏನನ್ನು ಕೇಳುತ್ತದೆ, ಏಕೆ ಕೇಳುತ್ತದೆ ಎಂಬುದನ್ನು ಅರಿತರೆ ಅಳುಕು ಬಹುಮಟ್ಟಿಗೆ ಕಳೆಯುತ್ತದೆ.

‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ನೋಡಲ್ಪಟ್ಟದ್ದು’ ಎಂದು ಅದರ ಅರ್ಥ. ಕಾಣು ಎಂಬರ್ಥದ ಆ ಲ್ಯಾಟಿನ್ ಧಾತುವೂ ತಿಳಿ ಎಂಬರ್ಥದ ಸಂಸ್ಕೃತದ ‘ವಿದ್’ ಧಾತುವೂ ಒಂದೇ ಬೇರಿನವು. ಅಧಿಕಾರಿ ಕಂಡು, ತಿಳಿದು, ಒಪ್ಪಿದ ಪತ್ರವೇ ವೀಸಾ. ಈ ಕಲ್ಪನೆ ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಬೆಳಕಿಗೆ ಬಂದು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕವನ್ನು ತೆತ್ತು ಅವನಿಂದ ಮುದ್ರೆ ಪಡೆದವರಿಗೆ ಮಾತ್ರ ದೇಶದೊಳಕ್ಕೆ ಬರುವ, ಹೊರಕ್ಕೆ ಹೋಗುವ ಅವಕಾಶ. ಮುದ್ರೆಯನ್ನು ಪರೀಕ್ಷಿಸಲು ಬೇರೊಬ್ಬ ಅಧ್ಯಕ್ಷ. ಶುಲ್ಕ, ಪತ್ರ, ಪರೀಕ್ಷೆ ಎಂಬ ಮೂರೂ ಅಂದೇ ಇದ್ದವು.

ಪಾಸ್‌ಪೋರ್ಟಿಗೂ ವೀಸಾಕ್ಕೂ ಇರುವ ಭೇದವನ್ನು ಮೊದಲು ಗ್ರಹಿಸಬೇಕು. ಪಾಸ್‌ಪೋರ್ಟನ್ನು ನಮ್ಮ ಸರ್ಕಾರ ನಮಗೆ ಕೊಡುತ್ತದೆ. ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೀರ್ಪಿತ್ತ ಬಳಿಕ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ರಚಿತವಾಯಿತು. ಆದುದರಿಂದ ಪಾಸ್‌ಪೋರ್ಟಿನ ಬೆನ್ನಿಗೆ ಹಕ್ಕಿನ ಬಲವಿದೆ. ವೀಸಾ ಹಾಗಲ್ಲ, ಅದು ಅನ್ಯದೇಶದ ಅನುಮತಿ. ನೆರೆಮನೆಯ ಅಂಗಳಕ್ಕೆ ಕಾಲಿಡುವ ಮುನ್ನ ‘ಬರಬಹುದೇ?’ ಎಂದು ಕೇಳಿದಂತೆ. ಹಾಗೆ ಕೇಳುವುದರಲ್ಲಿ ಕೀಳರಿಮೆಗೆ ಎಡೆಯಿಲ್ಲ.

ಯುರೋಪಿನ ಬಹುಭಾಗಕ್ಕೆ ಒಂದೇ ವೀಸಾ ಸಾಕಾಗುತ್ತದೆ. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯಲ್ಲಿ 1985ರ ಜೂನ್ 14ರಂದು ಐದು ದೇಶಗಳು ಸಹಿಮಾಡಿದ ಒಪ್ಪಂದ ಬೆಳೆದು ಇಂದು 29 ದೇಶಗಳನ್ನು ಒಳಗೊಂಡಿದೆ. ಸ್ವಿಟ್ಜರ್ಲೆಂಡ್, ನಾರ್ವೆಗಳು ಇದರಲ್ಲಿವೆ. ಬ್ರಿಟನ್, ಐರ್ಲೆಂಡುಗಳು ಇಲ್ಲ. ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಬೇಕು; ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಬಂದ ದಿನ, ಹೊರಡುವ ದಿನಗಳೆರಡೂ ಲೆಕ್ಕಕ್ಕೆ ಸೇರುತ್ತವೆ. ಡಿಸೆಂಬರ್ 1ರಂದು ಮಗನ ಮನೆ ಸೇರಿದವರಿಗೆ ಫೆಬ್ರವರಿ 28ಕ್ಕೆ ತೊಂಬತ್ತು ತುಂಬುತ್ತದೆ. ವೀಸಾದಲ್ಲಿ ಇನ್ನೂ ಕಡಮೆ ದಿನ ನಮೂದಾಗಿದ್ದರೆ ಅದೇ ಮಿತಿ. 2024ರ ಜೂನ್ 11ರಿಂದ ಶುಲ್ಕ 90 ಯೂರೋ. 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ. ವೀಸಾ ನಿರಾಕೃತವಾದರೂ ಶುಲ್ಕ ಮರಳುವುದಿಲ್ಲ.

ಚಳಿಗಾಲದ ಪ್ರಯಾಣಕ್ಕೆ ಕಾಲಗಣನೆ ಮುಖ್ಯ. ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ, ಕಡೆಯ ಪಕ್ಷ 15 ದಿನ ಮೊದಲಿನವರೆಗೆ ಅರ್ಜಿ ಕೊಡಬಹುದು. ನಿರ್ಣಯಕ್ಕೆ ಸಾಧಾರಣವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೆ ಹೋಗಬಹುದು. ಕ್ರಿಸ್ಮಸ್ ಸಮಯಕ್ಕೆ ಹೊರಡುವವರ ದಟ್ಟಣೆಯೂ ಅದಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿ, ನವೆಂಬರಿನಿಂದ ಕೊಯ್ಲಿನ ಗಡಿಬಿಡಿ. ಇವೆರಡರ ನಡುವಣ ನವರಾತ್ರಿಯ ಆಸುಪಾಸೇ ನಮ್ಮ ತೋಟಗಾರರಿಗೆ ಪ್ರಶಸ್ತ ಕಾಲ. ಪಾಸ್‌ಪೋರ್ಟಿನ ಅವಧಿ ಹಿಂದಿರುಗುವ ದಿನದ ಅನಂತರವೂ ಮೂರು ತಿಂಗಳು ಇರಬೇಕು. ಎರಡು ಪುಟಗಳಾದರೂ ಖಾಲಿ ಇರಬೇಕು. ಚಿಕಿತ್ಸಾವೆಚ್ಚಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಹಿಮದಲ್ಲಿ ಜಾರಿ ಮೂಳೆ ಮುರಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಇವೆಲ್ಲ ಹೊರಮೈಯ ನಿಯಮಗಳು. ಅರ್ಜಿಯ ಅಂತರಂಗದಲ್ಲಿರುವುದು ಎರಡೇ ಪ್ರಶ್ನೆ: ಈತ ಯಾರು? ಈತ ಮರಳಿ ಹೋಗುವನೇ? 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಮಿಕ್ಕಿ ಷೆಂಗೆನ್ ಅರ್ಜಿಗಳು ಸಲ್ಲಿಕೆಯಾಗಿ, ಸುಮಾರು 1 ಲಕ್ಷ 65 ಸಾವಿರ ನಿರಾಕೃತವಾದವು. ಬರುವ ಉದ್ದೇಶ ಸ್ಪಷ್ಟವಿಲ್ಲದಿರುವುದು, ಜೀವನಾಧಾರ ಸಿದ್ಧಪಡದಿರುವುದು, ಹಿಂದಿರುಗುವ ಬಗೆಗೆ ಸಂಶಯ ಮೂಡುವುದು ಇವು ನಿರಾಕರಣೆಗೆ ಕೊಡುವ ಕಾರಣಗಳಲ್ಲಿ ಪ್ರಮುಖವಾದವು.

ಸಂಬಳದ ಉದ್ಯೋಗಿಗೆ ಉತ್ತರ ಸುಲಭ. ವೇತನದ ಚೀಟಿ, ರಜೆಯ ಮಂಜೂರಾತಿ, ಆದಾಯ ತೆರಿಗೆಯ ವಿವರ ಪತ್ರ ಇವುಗಳಲ್ಲಿ ಅವನ ಬದುಕು ಬರೆದಿಟ್ಟಂತಿರುತ್ತದೆ. ನಿವೃತ್ತ ಅಧ್ಯಾಪಕನಿಗೆ ಪಿಂಚಣಿಯ ಆದೇಶವಿದೆ. ಆದರೆ ಐದು ಎಕರೆ ಅಡಿಕೆ ತೋಟದ ಒಡೆಯನಿಗೆ? ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆಯಿಲ್ಲ. ಆದ್ದರಿಂದ ಅನೇಕರು ವಿವರ ಪತ್ರವನ್ನೇ ಸಲ್ಲಿಸಿರುವುದಿಲ್ಲ. ಊರಿನಲ್ಲಿ ಅನುಕೂಲಸ್ಥನೆನಿಸಿಕೊಂಡವನು ಕಾಗದದ ಮೇಲೆ ಆದಾಯವಿಲ್ಲದವನಾಗಿ ಕಾಣುತ್ತಾನೆ. ನಿಜವಾಗಿ ನೋಡಿದರೆ ಮರಳಿ ಬರಲು ತೋಟಕ್ಕಿಂತ ದೊಡ್ಡ ಕಾರಣ ಯಾವುದಿದೆ? ನೀರು ಬಿಡಲು, ಕೊಯ್ಲು ಮಾಡಿಸಲು ಒಡೆಯ ಬರಲೇಬೇಕು. ಈ ಸತ್ಯ ಅಧಿಕಾರಿಗೆ ಕಾಣುವಂತೆ ಕಾಗದಗಳನ್ನು ಜೋಡಿಸುವುದೇ ಸಿದ್ಧತೆಯ ಸಾರ.

ಅದಕ್ಕೆ ಮೊದಲ ಆಧಾರ ಪಹಣಿ ಪತ್ರಿಕೆ, ಎಂದರೆ ಆರ್‌ಟಿಸಿ. ಅದು ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಬೇಕು. ಇಲ್ಲಿ ಎಚ್ಚರ ಅವಶ್ಯ. ಹಿಂದೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಎಕರೆಗೆ ನೂರು ಸೆಂಟ್ಸು. ಘಟ್ಟದ ಮೇಲೆ ಎಕರೆಗೆ ನಲವತ್ತು ಗುಂಟೆ. ಸೆಂಟ್ಸನ್ನು ಗುಂಟೆಯೆಂದು ಬರೆದರೆ ಲೆಕ್ಕವೇ ಕೆಡುತ್ತದೆ. ನಂಜ, ಪುಂಜ, ಬಾಗಾಯ್ತು ಎಂಬ ಮಾತುಗಳನ್ನು ಹಾಗೆಯೇ ಲಿಪ್ಯಂತರಿಸಿದರೆ ಓದುವವನಿಗೆ ಏನೂ ತಿಳಿಯದು. ನೀರಾವರಿ ಗದ್ದೆ, ಒಣಭೂಮಿ, ತೋಟವೆಂದು ಅರ್ಥ ಬಿಡಿಸಿ ಬರೆಯಬೇಕು. ಪಹಣಿ ಕೂಡುಕುಟುಂಬದ ಹಲವರ ಹೆಸರಿನಲ್ಲಿದ್ದರೆ ಅರ್ಜಿದಾರನ ಭಾಗವೆಷ್ಟೆಂಬುದನ್ನು ಸ್ಪಷ್ಟಪಡಿಸಬೇಕು.

ಎರಡನೆಯ ಆಧಾರ ಬ್ಯಾಂಕಿನ ಲೆಕ್ಕಪತ್ರ. ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಿದ್ದಿದ್ದರೆ ಅಧಿಕಾರಿಗೆ ಅದು ಅರ್ಜಿಗಾಗಿ ತಂದ ಕೈಸಾಲವೆಂಬ ಶಂಕೆ ಹುಟ್ಟುತ್ತದೆ. ಆದರೆ ಅಡಿಕೆಯ ಹಣ ಬರುವುದೇ ಹಾಗೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿ ಮಾಡಿ, ಧಾರಣೆ ಏರುವವರೆಗೆ ದಾಸ್ತಾನಿಟ್ಟು, ಒಂದು ದಿನ ಒಟ್ಟಿಗೆ ಮಾರುವುದು ಇಲ್ಲಿಯ ವಾಡಿಕೆ. ತಿಂಗಳ ಸಂಬಳವನ್ನೇ ಕಂಡ ಕಣ್ಣಿಗೆ ಇದು ವಿಚಿತ್ರ. ಆದುದರಿಂದ 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಸಂಸ್ಥೆಯಲ್ಲಾಗಲಿ ಬೇರೆ ಕಡೆಯಲ್ಲಾಗಲಿ ಅಡಿಕೆ ಮಾರಿದ ರಸೀದಿಯನ್ನು ಆ ಜಮೆಯ ಪಕ್ಕಕ್ಕೆ ಇರಿಸಿ, ನಿವೇದನಾ ಪತ್ರದಲ್ಲಿ ಎರಡು ವಾಕ್ಯಗಳ ವಿವರಣೆ ಕೊಡಬೇಕು. ಎರಡು ಮೂರು ವರ್ಷಗಳ ರಸೀದಿಗಳಿದ್ದರೆ ಆದಾಯದ ಕ್ರಮವೇ ಗೋಚರವಾಗುತ್ತದೆ. ಇದಕ್ಕೆ ಬದಲಾಗಿ ಸಾಲ ತಂದು ಖಾತೆ ತುಂಬಿಸುವುದು, ಹುಸಿ ಪ್ರಮಾಣಪತ್ರ ಮಾಡಿಸುವುದು ಆತ್ಮಘಾತುಕ. ಒಂದು ಸುಳ್ಳು ಬಯಲಾದರೆ ಉಳಿದ ಸತ್ಯಗಳೂ ನಂಬಿಕೆ ಕಳೆದುಕೊಳ್ಳುತ್ತವೆ.

ಮೂರನೆಯದು ಹೆಸರು ಮತ್ತು ವಿಳಾಸಗಳ ಏಕರೂಪತೆ. ‘ಸುಬ್ರಹ್ಮಣ್ಯ’ ಎಂಬುದು ಕನ್ನಡದಲ್ಲಿ ಒಂದೇ ರೂಪ. ರೋಮನ್ ಲಿಪಿಯಲ್ಲಿ ಹಕಾರ ಸೇರಿ ಒಂದು, ಹಕಾರ ಬಿಟ್ಟು ಮತ್ತೊಂದು. ‘ಭಟ್’ ಎಂಬುದಕ್ಕೆ ಒಂದು ಟಕಾರವೋ ಎರಡೋ ಎಂಬುದು ಬರೆದವರ ಇಚ್ಛೆ. ಮನೆಯ ಹೆಸರು, ತಂದೆಯ ಹೆಸರುಗಳು ಒಂದು ದಾಖಲೆಯಲ್ಲಿ ಪೂರ್ಣವಾಗಿ, ಇನ್ನೊಂದರಲ್ಲಿ ಮೊದಲಕ್ಷರವಾಗಿ ಇರುತ್ತವೆ. ಎರಡೂ ಒಬ್ಬನವೇ ಎಂಬ ಪ್ರಮಾಣಪತ್ರವನ್ನು ನೋಟರಿಯವರಲ್ಲಿ ಮಾಡಿಸಿ ಲಗತ್ತಿಸುವುದು ಕ್ಷೇಮ. ವಿಳಾಸದಲ್ಲಿಯೂ ಇಂಥ ತೊಡಕುಂಟು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕು ರಚಿತವಾದ ಮೇಲೆ ಸುಬ್ರಹ್ಮಣ್ಯದವರ ಹಳೆಯ ಕಾಗದದಲ್ಲಿ ಸುಳ್ಯ, ಆಲಂಕಾರು ರಾಮಕುಂಜದವರ ಹಳೆಯ ಕಾಗದದಲ್ಲಿ ಪುತ್ತೂರು, ಹೊಸದರಲ್ಲಿ ಕಡಬ ಎಂದಿರುತ್ತದೆ. ಮನೆ ಕದಲಿಲ್ಲ, ತಾಲೂಕು ಬದಲಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕು.

ಮಕ್ಕಳ ಆಹ್ವಾನಪತ್ರ, ಅವರ ವಾಸದ ಪರವಾನಗಿಯ ಪ್ರತಿ, ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆ ಇವು ಉಳಿದ ಅಂಗಗಳು. ಜರ್ಮನಿಯಲ್ಲಿರುವ ಮಗ ಖರ್ಚನ್ನು ತಾನೇ ವಹಿಸುವುದಾದರೆ ಅಲ್ಲಿಯ ಕಚೇರಿಯಲ್ಲಿ ವಿಧಿವತ್ತಾದ ಹೊಣೆಪತ್ರ ಮಾಡಿಸಿ ಕಳುಹಿಸುತ್ತಾನೆ. ಮೊದಲ ಸಲದ ಅರ್ಜಿದಾರರು ಬೆರಳಚ್ಚಿಗಾಗಿ ಖುದ್ದಾಗಿ ಹಾಜರಾಗಬೇಕು. ಆ ಗುರುತು 59 ತಿಂಗಳವರೆಗೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಕೇಳಿದ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಹೇಳಿದರೆ ಸಾಕು. ನಿರಾಕರಣೆ ಬಂದರೂ ಅಪಮಾನವೆಂದು ಕುಗ್ಗಬೇಕಾಗಿಲ್ಲ. ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕೆಂಬ ನಿಯಮವಿದೆ, ಮೇಲ್ಮನವಿಯ ಹಕ್ಕೂ ಇದೆ. ಕೊರತೆ ತುಂಬಿ ಮತ್ತೆ ಅರ್ಜಿ ಕೊಡಲೂಬಹುದು.

ಕೊನೆಯದಾಗಿ ಅಧ್ಯಾಪಕ ವರ್ಗ ಮನಗಾಣಬೇಕಾದ ಮಾತೊಂದಿದೆ. ಹಿಂದೆ ಹಳ್ಳಿಯ ಮಗುವನ್ನು ಶಾಲೆಗೆ ಸೇರಿಸುವಾಗ ಹೆಸರಿನ ಕಾಗುಣಿತವನ್ನೂ ಎಷ್ಟೋ ಸಲ ಹುಟ್ಟಿದ ದಿನವನ್ನೂ ನಿರ್ಧರಿಸುತ್ತಿದ್ದವರು ಅಧ್ಯಾಪಕರೇ. ಅಂದು ದಾಖಲಾತಿ ಪುಸ್ತಕದಲ್ಲಿ ಬಿದ್ದ ಅಕ್ಷರ ಶಾಲಾ ಪ್ರಮಾಣಪತ್ರದ ಮೂಲಕ ಪಾಸ್‌ಪೋರ್ಟಿಗೆ ಏರಿ, ಐವತ್ತು ವರ್ಷಗಳ ತರುವಾಯ ವೀಸಾ ಕೇಂದ್ರದ ಮೇಜಿನ ಮೇಲೆ ತೆರೆದುಕೊಳ್ಳುತ್ತದೆ. ಹಿರಿಯರ ಪರದಾಟಕ್ಕೆ ಅಂದಿನ ಒಂದು ಅಜಾಗ್ರತೆ ಕಾರಣವಾಗಿರಬಹುದು. ಇಂದು ಒಂದನೆಯ ತರಗತಿಗೆ ಬರುವ ಮಗುವಿನ ಹೆಸರನ್ನು ಜನನ ಪ್ರಮಾಣಪತ್ರದೊಡನೆ ಅಕ್ಷರಕ್ಕಕ್ಷರ ಹೋಲಿಸಿ ಬರೆಯುವ ಅಧ್ಯಾಪಕನು, ಆ ಮಗುವಿನ ಮುಂದಿನ ದೂರದ ಪಯಣಕ್ಕೆ ಮೊದಲ ಪತ್ರವನ್ನು ಸಿದ್ಧಪಡಿಸುತ್ತಿರುತ್ತಾನೆ.