ಮೋಟಾರಿನ ಚಕ್ರವನ್ನು ಹಿಡಿದಿರುವುದು ಯಾವುದು?

ಎತ್ತಿನ ಬಂಡಿಯ ಚಕ್ರವು ಅಚ್ಚಿನಿಂದ ಕಳಚಿ ಹೋಗದಂತೆ ತಡೆಯುವುದು ಕಡಾಣಿ. ಬೆರಳುದ್ದದ ಆ ಕಬ್ಬಿಣದ ಕೀಲು ಬಿದ್ದುಹೋದರೆ ಬಂಡಿ ಹೆಚ್ಚು ದೂರ ಸಾಗದು. ಮೋಟಾರು ಕಾರಿನ ಚಕ್ರಕ್ಕೆ ಕಡಾಣಿ ಇಲ್ಲ. ಅದರ ಬದಲು ನಾಲ್ಕೋ ಐದೋ ಸ್ಟಡ್ಡುಗಳೂ ಅವುಗಳ ಮೇಲೆ ಬಿಗಿದ ನಟ್ಟುಗಳೂ ಇರುತ್ತವೆ. ಗೋಡೆಗೆ ಹೊಡೆದ ಗೂಟಗಳು ಅಂಗಿಯನ್ನು ಹೊತ್ತಿರುವಂತೆ ಈ ಸ್ಟಡ್ಡುಗಳು ಗಾಡಿಯ ಭಾರವನ್ನು ಹೊತ್ತಿವೆಯೆಂದು ಬಹುಮಂದಿ ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಚಕ್ರವನ್ನು ಸ್ವಲ್ಪ ಹೊರಕ್ಕೆ ಸರಿಸಬೇಕೆಂದು ಸ್ಪೇಸರು ಹಾಕಲು ಹೊರಟವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ಇದನ್ನೇ. ಏಕೆಂದರೆ ಇಲ್ಲಿ ತಪ್ಪಿದರೆ ಓಡುತ್ತಿರುವ ಗಾಡಿಯಿಂದ ಚಕ್ರವೇ ಕಳಚಿಕೊಳ್ಳಬಹುದು.

ಸ್ಪೇಸರು ಎಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆ. ಅಚ್ಚಿನ ತುದಿಯಲ್ಲಿ ತಿರುಗುತ್ತ ಚಕ್ರಕ್ಕೆ ಆಸರೆಯಾಗುವ ಭಾಗವೇ ಹಬ್. ಬಿಲ್ಲೆಯನ್ನು ಇಟ್ಟಾಗ ಅದರ ದಪ್ಪದಷ್ಟು ಚಕ್ರವು ಹೊರಕ್ಕೆ ಸರಿಯುತ್ತದೆ. ಅಗಲವಾದ ಚಕ್ರವು ಒಳಗಿನ ಬ್ರೇಕಿಗೋ ತೂಗುವ ಭಾಗಗಳಿಗೋ ತಗಲುವಂತಿದ್ದರೆ, ಇಲ್ಲವೆ ಎಡಬಲ ಚಕ್ರಗಳ ಅಂತರವನ್ನು ಹೆಚ್ಚಿಸಬೇಕೆಂದಿದ್ದರೆ ಇದನ್ನು ಬಳಸುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್ನಿನ ಮಿನಿ ಕಾರು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರನು ರೂಪಿಸಿದ ಈ ಪುಟ್ಟ ಗಾಡಿ ೧೯೫೯ರಲ್ಲಿ ಹೊರಬಂದಿತು. ಅದರ ಉದ್ದ ಹತ್ತು ಅಡಿ. ಚಕ್ರಗಳ ವ್ಯಾಸ ಹತ್ತೇ ಅಂಗುಲ. ೧೯೬೩ರಲ್ಲಿ ಇದರ ವೇಗದ ರೂಪವಾದ ಕೂಪರ್ ಎಸ್ ಬಂದಿತು. ಮಾಂಟೆ ಕಾರ್ಲೋ ರ್‍ಯಾಲಿಯನ್ನು ಮಿನಿ ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಗೆದ್ದಿತು. ಕೂಪರ್ ಎಸ್ ಗಾಡಿಯ ಮುಂದಿನ ಚಕ್ರಗಳ ಅಂತರಕ್ಕೆ ಹಿಂದಿನವುಗಳನ್ನು ಹೊಂದಿಸಲು ತಯಾರಕರು ಹಿಂದಿನ ಬ್ರೇಕ್ ಡ್ರಮ್ಮಿನಲ್ಲಿಯೇ ಸುಮಾರು ಒಂದು ಅಂಗುಲದ ಸ್ಪೇಸರನ್ನು ಸೇರಿಸಿ ಎರಕ ಹೊಯ್ದರು. ಬಿಡಿ ಬಿಲ್ಲೆಯನ್ನು ನಡುವೆ ಸಿಕ್ಕಿಸುವುದಕ್ಕಿಂತ ಇದು ಭದ್ರ. ಜೋಡಣೆಯ ಮುಖವೊಂದು ಕಡಮೆಯಾಗುತ್ತದೆ. ಈ ಕಾರಿನ ತಯಾರಿಕೆ ೨೦೦೦ದಲ್ಲಿ ನಿಂತುಹೋದರೂ, ಹಳೆಯ ಮಿನಿಗಳನ್ನು ಉಳಿಸಿಕೊಂಡು ಬಂದ ಹವ್ಯಾಸಿಗಳು ಅಗಲವಾದ ಅಲ್ಯುಮಿನಿಯಂ ಚಕ್ರಗಳನ್ನೂ ಸ್ಪೇಸರುಗಳನ್ನೂ ಉದ್ದ ಸ್ಟಡ್ಡುಗಳನ್ನೂ ಹಾಕಿಸುತ್ತಲೇ ಇದ್ದಾರೆ. ನಮ್ಮ ಲೆಕ್ಕಕ್ಕೂ ಇದೇ ಗಾಡಿಯನ್ನು ತೆಗೆದುಕೊಳ್ಳೋಣ.

ಮೊದಲು ಒಂದು ಸಣ್ಣ ಪ್ರಯೋಗ. ಪುಸ್ತಕವೊಂದನ್ನು ಗೋಡೆಗೆ ಆನಿಸಿ ಅಂಗೈಯಿಂದ ಒತ್ತಿ ಹಿಡಿಯಿರಿ. ಪುಸ್ತಕ ಕೆಳಗೆ ಬೀಳುವುದಿಲ್ಲ. ಅದರ ಕೆಳಗೆ ಆಸರೆಯೇನೂ ಇಲ್ಲ; ಗೋಡೆಗೂ ರಟ್ಟಿಗೂ ನಡುವಣ ಘರ್ಷಣೆಯೇ ಅದನ್ನು ಹಿಡಿದಿದೆ. ಒತ್ತುವುದನ್ನು ಸಡಿಲಿಸಿದೊಡನೆ ಪುಸ್ತಕ ಜಾರುತ್ತದೆ. ಕಾರಿನ ಚಕ್ರವೂ ಹೀಗೆಯೇ ನಿಂತಿದೆ. ನಟ್ಟುಗಳು ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತವೆ. ಭಾರವನ್ನೂ ಬ್ರೇಕಿನ ಸೆಳೆತವನ್ನೂ ತಡೆದುಕೊಳ್ಳುವುದು ಆ ಎರಡು ಮುಖಗಳ ನಡುವಣ ಘರ್ಷಣೆ. ಸ್ಟಡ್ಡುಗಳ ಕೆಲಸ ಹೊರುವುದಲ್ಲ, ಒತ್ತುವುದು.

ಎಷ್ಟು ಒತ್ತಬೇಕು? ಮಿನಿಯ ಸ್ಟಡ್ಡಿನ ವ್ಯಾಸ ಅಂಗುಲದ ಎಂಟರಲ್ಲಿ ಮೂರು ಪಾಲು, ಎಂದರೆ ಸುಮಾರು ೯.೫ ಮಿಲಿಮೀಟರು. ನಟ್ಟನ್ನು ಸುಮಾರು ೬೦ ನ್ಯೂಟನ್-ಮೀಟರು ತಿರುಚುಬಲದಿಂದ ಬಿಗಿಯುತ್ತಾರೆ. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ ೨೦ ಕಿಲೋಗ್ರಾಂ ತೂಗುಹಾಕಿದರೆ ಆಗುವಷ್ಟು. ತಿರುಪಿನ ಸುತ್ತುಗಳ ಓರೆ ಬಹಳ ಕಡಮೆಯಾದುದರಿಂದ ಇಷ್ಟು ಸಣ್ಣ ಶ್ರಮವೇ ಸ್ಟಡ್ಡಿನಲ್ಲಿ ಸುಮಾರು ೩೦,೦೦೦ ನ್ಯೂಟನ್ ಎಳೆತವಾಗಿ ಮಾರ್ಪಡುತ್ತದೆ. ಇದು ಮೂರು ಟನ್ನು ತೂಕಕ್ಕೆ ಸಮ. ನಾಲ್ಕು ಸ್ಟಡ್ಡುಗಳು ಕೂಡಿ ೧,೨೦,೦೦೦ ನ್ಯೂಟನ್ ಬಲದಿಂದ ಚಕ್ರವನ್ನು ಒತ್ತುತ್ತವೆ. ಘರ್ಷಣೆಯಾಗಿ ಇದರ ನೂರಕ್ಕೆ ೧೫ ಪಾಲು ದೊರೆತರೂ ೧೮,೦೦೦ ನ್ಯೂಟನ್ ಆಯಿತು. ಹಬ್ಬಿನ ನಡುವಿನಿಂದ ೫ ಸೆಂಟಿಮೀಟರು ದೂರದಲ್ಲಿ ಇದು ವರ್ತಿಸುವುದರಿಂದ ಜೋಡಣೆಯು ಸುಮಾರು ೯೦೦ ನ್ಯೂಟನ್-ಮೀಟರು ತಿರುಚುಬಲವನ್ನು ಜಾರದೆ ತಡೆಯಬಲ್ಲುದು.

ಈಗ ಎದುರಾಳಿಯ ಬಲವನ್ನು ನೋಡೋಣ. ಜೋರಾಗಿ ಬ್ರೇಕು ಒತ್ತಿದಾಗ ಮಿನಿಯ ಮುಂದಿನ ಒಂದು ಚಕ್ರವನ್ನು ರಸ್ತೆಯು ಸುಮಾರು ೨,೪೦೦ ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳಬಹುದು. ಟೈರಿನ ತ್ರಿಜ್ಯ ಕಾಲು ಮೀಟರಿಗೆ ಸಮೀಪ. ಆದುದರಿಂದ ತಿರುಚುಬಲ ೬೦೦ ನ್ಯೂಟನ್-ಮೀಟರು. ೯೦೦ ಎಲ್ಲಿ, ೬೦೦ ಎಲ್ಲಿ! ಚಕ್ರ ಭದ್ರವಾಗಿದೆ. ಆದರೆ ನಟ್ಟುಗಳ ಬಿಗಿ ಅರ್ಧಕ್ಕೆ ಇಳಿಯಿತೆಂದಿಟ್ಟುಕೊಳ್ಳಿ. ೯೦೦ ಇದ್ದುದು ೪೫೦ ಆಗುತ್ತದೆ. ಒಂದೊಂದು ಸಲ ಗಟ್ಟಿಯಾಗಿ ಬ್ರೇಕು ಹಾಕಿದಾಗಲೂ ಚಕ್ರ ಹಬ್ಬಿನ ಮೇಲೆ ಕೂದಲೆಳೆಯಷ್ಟು ಜಾರುತ್ತದೆ.

ಇಷ್ಟು ಸಣ್ಣ ಜಾರಿಕೆಯಿಂದೇನು ಎನ್ನುವಂತಿಲ್ಲ. ಅಡ್ಡಡ್ಡಲಾಗಿ ಅಲುಗಾಡುವ ಜೋಡಣೆಯಲ್ಲಿ ನಟ್ಟು ತಾನಾಗಿಯೇ ತಿರುಗಿ ಸಡಿಲವಾಗುತ್ತದೆಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ ೧೯೬೯ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ಅಲ್ಲದೆ, ಬಿಗಿ ತಪ್ಪಿದ ಸ್ಟಡ್ಡು ಚಕ್ರದ ಒಂದೊಂದು ಸುತ್ತಿಗೂ ಒಮ್ಮೆ ಅತ್ತ ಒಮ್ಮೆ ಇತ್ತ ಬಾಗುತ್ತದೆ. ಮಿನಿಯ ಚಕ್ರ ಕಿಲೋಮೀಟರಿಗೆ ಸುಮಾರು ೬೫೦ ಸಲ ಸುತ್ತುತ್ತದೆ. ಸಾವಿರ ಕಿಲೋಮೀಟರಿಗೆ ಆರೂವರೆ ಲಕ್ಷ ಸಲ. ಒಂದೇ ಸಲಕ್ಕೆ ಮುರಿಯದ ಉಕ್ಕು ಲಕ್ಷಾಂತರ ಸಲದ ಬಾಗುವಿಕೆಯಿಂದ ದಣಿದು ಬಿರಿಯುತ್ತದೆ. ರೈಲ್ವೆ ಅಚ್ಚುಗಳು ಮುರಿಯುವುದಕ್ಕೆ ಈ ದಣಿವೇ ಕಾರಣವೆಂಬುದನ್ನು ಆಗಸ್ಟ್ ವೋಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪರೀಕ್ಷಿಸಿ ತಿಳಿಸಿದ್ದನು. ಒಂದು ಸ್ಟಡ್ಡು ಮುರಿದರೆ ಉಳಿದವುಗಳ ಮೇಲೆ ಹೊರೆ ಹೆಚ್ಚುತ್ತದೆ. ಅವೂ ಅದೇ ದಾರಿ ಹಿಡಿಯುತ್ತವೆ.

ಹಾಗಾದರೆ ಸ್ಪೇಸರು ಹಾಕಿದಾಗ ಬಿಗಿ ತಗ್ಗುವುದೇಕೆ? ಮೊದಲನೆಯ ಕಾರಣ, ಸ್ಟಡ್ಡಿನ ಉದ್ದ ಸಾಲದೆ ಹೋಗುವುದು. ಸ್ಟಡ್ಡಿನ ವ್ಯಾಸದಷ್ಟು ಉದ್ದವಾದರೂ ನಟ್ಟಿನೊಳಗೆ ಹೊಕ್ಕಿರಬೇಕೆಂಬುದು ಮೆಕ್ಯಾನಿಕರು ಪಾಲಿಸುವ ನಿಯಮ. ಮಿನಿಯಲ್ಲಿ ಅಂಗುಲಕ್ಕೆ ೨೪ ಸುತ್ತುಗಳಿರುವುದರಿಂದ ಇದು ೯ ಸುತ್ತುಗಳಿಗೆ ಸಮ. ಈಗ ೫ ಮಿಲಿಮೀಟರು ದಪ್ಪದ ಬಿಲ್ಲೆಯನ್ನು ನಡುವೆ ಇಟ್ಟರೆ ಸುಮಾರು ೫ ಸುತ್ತುಗಳು ಬಿಲ್ಲೆಯ ಪಾಲಾಗುತ್ತವೆ. ನಟ್ಟಿಗೆ ಉಳಿಯುವುದು ನಾಲ್ಕೇ. ಮೂರು ಟನ್ನಿನ ಎಳೆತವನ್ನು ಆ ನಾಲ್ಕು ಸುತ್ತುಗಳೇ ತಾಳಬೇಕು. ಹೊರಗಿನಿಂದ ನೋಡಿದರೆ ನಟ್ಟು ಸರಿಯಾಗಿ ಕುಳಿತಂತೆಯೇ ಕಾಣುತ್ತದೆ. ಆದುದರಿಂದ ಸ್ಪೇಸರು ಹಾಕುವವರು ಅದರ ದಪ್ಪದಷ್ಟಾದರೂ ಹೆಚ್ಚು ಉದ್ದವುಳ್ಳ ಸ್ಟಡ್ಡನ್ನು ಹಾಕಿಸಲೇಬೇಕು.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ಬಿಗಿದ ಸ್ಟಡ್ಡು ಒಂದು ಸ್ಪ್ರಿಂಗು. ಎಳೆದಷ್ಟೂ ಅದು ಉದ್ದವಾಗುತ್ತದೆ. ಹೂಕನ ನಿಯಮದಿಂದ ಲೆಕ್ಕ ಹಾಕಿದರೆ, ಎಳೆತಕ್ಕೆ ಒಳಗಾದ ಭಾಗ ೨೫ ಮಿಲಿಮೀಟರು ಉದ್ದವಿರುವಾಗ ೩೦,೦೦೦ ನ್ಯೂಟನ್ ಬಲದಿಂದ ಸ್ಟಡ್ಡು ಹಿಗ್ಗುವುದು ೦.೦೬೬ ಮಿಲಿಮೀಟರು ಮಾತ್ರ. ನಮ್ಮ ತಲೆಗೂದಲಿನ ದಪ್ಪ ಹೆಚ್ಚು ಕಡಮೆ ಇಷ್ಟೇ. ಚಕ್ರದ ಬಿಗಿಯೆಲ್ಲವೂ ಆ ಕೂದಲೆಳೆಯಷ್ಟು ಹಿಗ್ಗುವಿಕೆಯಲ್ಲಿ ಅಡಗಿದೆ! ಬಿಲ್ಲೆಯ ಮುಖದ ಮೇಲೆ ಬಣ್ಣವೋ ತುಕ್ಕೋ ಮಣ್ಣೋ ಉಳಿದಿದ್ದು, ಗಾಡಿ ಓಡಿದಂತೆ ಅದು ೦.೦೩ ಮಿಲಿಮೀಟರಿನಷ್ಟು ಕುಸಿದರೆ ಬಿಗಿಯ ಅರ್ಧದಷ್ಟು ಮಾಯವಾಗುತ್ತದೆ. ಸ್ಪೇಸರಿನಿಂದ ಜೋಡಣೆಗೆ ಒಂದು ಮುಖ ಹೆಚ್ಚುತ್ತದೆ. ಕುಸಿಯುವ ಅವಕಾಶವೂ ಹೆಚ್ಚುತ್ತದೆ. ಉದ್ದ ಸ್ಟಡ್ಡು ಇಲ್ಲಿಯೂ ನೆರವಾಗುತ್ತದೆ. ಎಳೆಯುವ ಭಾಗ ೫೦ ಮಿಲಿಮೀಟರು ಇದ್ದರೆ ಹಿಗ್ಗುವಿಕೆ ಇಮ್ಮಡಿಯಾಗಿ, ಅಷ್ಟೇ ಕುಸಿತದಿಂದ ಬಿಗಿ ಕಾಲುಪಾಲು ಮಾತ್ರ ತಗ್ಗುತ್ತದೆ.

ಇವಿಷ್ಟನ್ನು ತಿಳಿದ ಮೇಲೆ ಜೋಡಿಸುವ ಕ್ರಮದ ಒಂದೊಂದು ಹೆಜ್ಜೆಗೂ ಅರ್ಥ ಕಾಣುತ್ತದೆ.

ಹಳೆಯ ಸ್ಟಡ್ಡನ್ನು ತೆಗೆದು ಹೊಸದನ್ನು ಕೂಡಿಸುವುದು ಕಾರ್ಖಾನೆಯ ಕೆಲಸ. ಸ್ಟಡ್ಡಿನ ಬುಡದಲ್ಲಿರುವ ಸಣ್ಣ ಹಲ್ಲುಗಳು ಹಬ್ಬಿನ ರಂಧ್ರವನ್ನು ಕಚ್ಚಿ ಹಿಡಿಯುತ್ತವೆ. ಆದುದರಿಂದ ಆ ಹಬ್ಬಿಗೆಂದೇ ತಯಾರಾದ ಸ್ಟಡ್ಡನ್ನು ಆರಿಸಿ, ಸುತ್ತಿಗೆಯಿಂದ ಬಡಿಯದೆ, ಒತ್ತುಯಂತ್ರದಿಂದ ನೇರವಾಗಿ ಇಳಿಸಬೇಕು. ಅದರ ತಲೆ ಹಬ್ಬಿನ ಹಿಂಬದಿಗೆ ಸಂದಿಲ್ಲದೆ ಕುಳಿತಿರಬೇಕು. ಕುಳಿತಿರದಿದ್ದರೆ ಮುಂದೆಂದೋ ಅದು ತಾನಾಗಿ ಒಳಸರಿದು ಬಿಗಿ ಹೋಗುತ್ತದೆ.

ಸ್ಪೇಸರು ಒಂದೇ ಇರಬೇಕು. ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಇಡಬಾರದು. ಹಲವು ಬಗೆಯ ಕಾರುಗಳಿಗೆ ಹೊಂದಲೆಂದು ಉದ್ದುದ್ದ ಸೀಳುಗಳನ್ನು ಕೊರೆದ ಬಿಲ್ಲೆಗಳೂ ಬೇಡ. ಅವುಗಳಲ್ಲಿ ಒತ್ತುವ ಮುಖವೇ ಕಡಮೆ. ಹಬ್, ಬಿಲ್ಲೆ, ಚಕ್ರ ಈ ಮೂರರ ಮುಖಗಳನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ, ಬಣ್ಣ ತುಕ್ಕುಗಳನ್ನು ತೆಗೆದು, ಒಣಗಿಸಬೇಕು.

ನಟ್ಟಿನ ತಳವು ಚಕ್ರದ ರಂಧ್ರದ ಆಕಾರಕ್ಕೆ ತಕ್ಕಂತಿರಬೇಕು. ಮಿನಿಯ ಉಕ್ಕಿನ ಚಕ್ರಕ್ಕೆ ಶಂಕುವಿನಾಕಾರದ ನಟ್ಟು ಬೇಕು. ಚಕ್ರವನ್ನು ನಡುವಿಗೆ ತರುವುದು ಆ ಶಂಕುವೇ. ಅದೇ ನಟ್ಟನ್ನು ಚಪ್ಪಟೆ ತಳದ ರಂಧ್ರವುಳ್ಳ ಅಲ್ಯುಮಿನಿಯಂ ಚಕ್ರಕ್ಕೆ ಹಾಕಬಾರದು. ತಲೆ ಮುಚ್ಚಿದ ನಟ್ಟುಗಳಾದರೆ ಇನ್ನೊಂದು ಎಚ್ಚರ ಬೇಕು. ಸ್ಟಡ್ಡು ಅತಿಯಾಗಿ ಉದ್ದವಾಗಿದ್ದರೆ ಅದರ ತುದಿ ನಟ್ಟಿನ ಮುಚ್ಚಳಕ್ಕೆ ತಾಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿಯಾದಂತೆ ತೋರುತ್ತದೆ. ಚಕ್ರವಾದರೋ ಸಡಿಲವಾಗಿಯೇ ಉಳಿಯುತ್ತದೆ.

ನಟ್ಟುಗಳನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ, ಎಷ್ಟು ಸುತ್ತು ಹೊಕ್ಕವೆಂದು ಎಣಿಸಬೇಕು. ಅನಂತರ ಎದುರುಬದುರಾಗಿ, ಎರಡು ಮೂರು ಸಲಕ್ಕೆ, ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು. ತಿರುಪಿಗೆ ಎಣ್ಣೆ ಹಚ್ಚಬಾರದು. ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನಟ್ಟಿನ ತಳದ ಮತ್ತು ತಿರುಪಿನ ಘರ್ಷಣೆಗೇ ವೆಚ್ಚವಾಗುತ್ತದೆ. ಸ್ಟಡ್ಡನ್ನು ಎಳೆಯುವುದಕ್ಕೆ ಉಳಿಯುವುದು ಒಂದು ಪಾಲು. ಎಣ್ಣೆಯಿಂದ ಘರ್ಷಣೆ ಕುಗ್ಗಿದರೆ ಅದೇ ಅಳತೆಯ ಬಿಗಿತಕ್ಕೆ ಎಳೆತ ಬಹಳ ಏರಿ, ಸ್ಟಡ್ಡು ಮತ್ತೆ ಕುಗ್ಗಲಾರದಷ್ಟು ಹಿಗ್ಗಿಹೋಗಬಹುದು. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ರೆಂಚು ಹಿಡಿದು ನೋಡಬೇಕು. ಮುಖಗಳು ಕುಸಿಯುವುದಿದ್ದರೆ ಆ ಮೊದಲ ಓಟದಲ್ಲಿಯೇ ಹೆಚ್ಚಾಗಿ ಕುಸಿಯುತ್ತವೆ.

ತನ್ನದೇ ಸ್ಟಡ್ಡುಗಳನ್ನು ಹೊಂದಿರುವ ದಪ್ಪ ಬಿಲ್ಲೆಗಳೂ ಉಂಟು. ಒಂದು ವರಸೆಯ ನಟ್ಟುಗಳು ಬಿಲ್ಲೆಯನ್ನು ಹಬ್ಬಿಗೂ, ಇನ್ನೊಂದು ವರಸೆಯವು ಚಕ್ರವನ್ನು ಬಿಲ್ಲೆಗೂ ಬಿಗಿಯುತ್ತವೆ. ಒಳಗಿನ ವರಸೆ ಕಣ್ಣಿಗೆ ಬೀಳದು. ಚಕ್ರವನ್ನು ತೆಗೆದೇ ಪರೀಕ್ಷಿಸಬೇಕು. ಮೂಲ ಸ್ಟಡ್ಡಿನ ತುದಿಗಳು ಬಿಲ್ಲೆಯ ಮುಖದಿಂದ ಹೊರಚಾಚಿದ್ದರೆ ಚಕ್ರ ಸಮನಾಗಿ ಕುಳಿತುಕೊಳ್ಳಲಾರದು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಸ್ಪೇಸರಿಗೆ ಬೆಲೆ ತೆರಲೇಬೇಕು. ಚಕ್ರ ಹೊರಸರಿದಷ್ಟೂ ಬೇರಿಂಗಿನ ಮೇಲೆ ಸನ್ನೆಗೋಲಿನ ಉದ್ದ ಹೆಚ್ಚುತ್ತದೆ. ಹಳ್ಳದಿಣ್ಣೆಯ ಒದೆತಗಳು ಸ್ಟಿಯರಿಂಗಿಗೆ ಹೆಚ್ಚು ಬಲವಾಗಿ ಮುಟ್ಟುತ್ತವೆ. ಟೈರು ಮಡ್‌ಗಾರ್ಡಿಗೆ ತಗಲಬಹುದು. ನೋಂದಣಿ ಪತ್ರದಲ್ಲಿ ನಮೂದಾದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಮ್ಮ ದೇಶದ ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣವು ನಿರ್ಬಂಧಿಸುತ್ತದೆಂಬುದನ್ನೂ ನೆನಪಿಡಬೇಕು. ಅಂದಕ್ಕಾಗಿ ಮಾತ್ರ ಹಾಕಿಸಬೇಕೆನ್ನುವವರು ಇಷ್ಟನ್ನೂ ತೂಗಿ ನೋಡುವುದು ಒಳಿತು.

ಸ್ಪೇಸರು ಇರಲಿ, ಇಲ್ಲದಿರಲಿ, ಬಿಗಿ ತಪ್ಪಿದ ಚಕ್ರ ಮುನ್ಸೂಚನೆ ಕೊಡುವುದುಂಟು. ನಟ್ಟಿನ ಸುತ್ತ ತುಕ್ಕಿನ ಬಣ್ಣದ ಗೆರೆಗಳು ಇಳಿದಿದ್ದರೆ ಅಲ್ಲಿ ಲೋಹ ಲೋಹವನ್ನು ಉಜ್ಜುತ್ತಿದೆಯೆಂದು ತಿಳಿಯಬೇಕು. ನಿಧಾನವಾಗಿ ಹೋಗುವಾಗ ಲಯಬದ್ಧವಾಗಿ ಟಕ್ ಟಕ್ ಎಂಬ ಸದ್ದು ಕೇಳಿದರೂ, ಸ್ಟಿಯರಿಂಗು ಹೊಸದಾಗಿ ನಡುಗತೊಡಗಿದರೂ ಗಾಡಿಯನ್ನು ಆಗಲೇ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ನಟ್ಟುಗಳನ್ನು ನೋಡಬೇಕು. ಊರು ಹತ್ತಿರವಿದೆ, ಅಲ್ಲಿಗೆ ಹೋಗಿ ನೋಡೋಣವೆಂದು ಮುಂದುವರಿಯಬಾರದು.